ಗದುಗಿನ ಜೋಶಿ ಮಾಸ್ತರರ ಮಗ ಜನರ ಗಾಯಕನಾದ ಬಗೆ

ಪಂಡಿತ ಭೀಮಸೇನ ಜೋಶಿಯವರ ಹೆಸರು ಹೇಳಿದೊಡನೆ ಸಂಗೀತ ಬಲ್ಲವರ ಮನಸ್ಸಿಗೆ ಬರುವುದು ಕಿರಾನಾ ಘರಾನೆ, ಖಯಾಲು ಗಾಯನ, ಪುಣೆಯ ಸವಾಯಿ ಗಂಧರ್ವ ಉತ್ಸವ ಹಾಗೂ 2008ರಲ್ಲಿ ಘೋಷಣೆಯಾದ ಭಾರತರತ್ನ. ಆದರೆ ರಾಗದ ಹೆಸರು ಗೊತ್ತಿಲ್ಲದ ಮನೆಗಳಲ್ಲಿಯೂ ಅವರ ದನಿ ಪರಿಚಿತ. ಶುಕ್ರವಾರದ ಪೂಜೆಯ ಹೊತ್ತಿಗೆ ಲಕ್ಷ್ಮಿಯನ್ನು ಮನೆಗೆ ಕರೆಯುವ ಪುರಂದರದಾಸರ ಪದವನ್ನು ಕನ್ನಡಿಗರಲ್ಲಿ ಅನೇಕರು ಕೇಳಿ ಬೆಳೆದಿರುವುದು ಅವರ ಕಂಠದಲ್ಲಿಯೇ. ಗಡಿಯಾಚೆ ಪಂಢರಪುರದ ವಿಠ್ಠಲನ ಅಭಂಗಗಳಿಗೂ ಅದೇ ಕಂಠ.

ಗಂಟೆಗಟ್ಟಲೆ ಒಂದೇ ರಾಗವನ್ನು ವಿಸ್ತರಿಸುವ ಖಯಾಲು ಗಾಯಕರೊಬ್ಬರು ಚಿತ್ರತಾರೆಯರಿಗೆ ಸಮನಾದ ಜನಪ್ರೀತಿಯನ್ನು ಗಳಿಸಿದ್ದು ಹೇಗೆ? ದೈವದತ್ತ ಕಂಠ ಎಂಬ ಉತ್ತರ ಸುಲಭವಾದುದು, ಆದರೆ ಅಪೂರ್ಣ. ಉತ್ತರದ ಇನ್ನರ್ಧ ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಸೀಮೆಯ ನೆಲದಲ್ಲಿದೆ. ಹಾಡುವವನೇ ನಟ, ನಟನೇ ಗಾಯಕ ಎಂಬ ಕಂಪನಿ ನಾಟಕಗಳ ಯುಗ ಈ ಸೀಮೆಯಲ್ಲಿ ಹುಲುಸಾಗಿ ಬೆಳೆದಿತ್ತು. ಆ ಯುಗ ಮುಗಿಯುತ್ತಿದ್ದ ಹೊತ್ತಿಗೆ ಅದರ ಪ್ರೇಕ್ಷಕರನ್ನು ತಮ್ಮ ಕಚೇರಿಗಳಿಗೆ ಕರೆತಂದವರಲ್ಲಿ ಭೀಮಸೇನ ಜೋಶಿ ಪ್ರಮುಖರು.

ಸಂಸ್ಥಾನಗಳ ದಾರಿಯಲ್ಲಿ ಬಂದ ರಂಗಭೂಮಿ

ಇಂದು ಗದಗ ಜಿಲ್ಲೆಯೆಂದು ಕರೆಯುವ ಪ್ರದೇಶ 1997ರವರೆಗೆ ಧಾರವಾಡ ಜಿಲ್ಲೆಯ ಭಾಗವಾಗಿತ್ತು. ಸ್ವಾತಂತ್ರ್ಯಪೂರ್ವದಲ್ಲಿ ಇದರ ಭೂಪಟ ಇನ್ನಷ್ಟು ಚೂರುಚೂರಾಗಿತ್ತು. ಗದಗ, ಮುಂಡರಗಿಗಳು ಬ್ರಿಟಿಷರ ಮುಂಬಯಿ ಪ್ರಾಂತದ ಆಡಳಿತಕ್ಕೆ ಒಳಪಟ್ಟಿದ್ದವು. ಶಿರಹಟ್ಟಿ ಸಾಂಗ್ಲಿ ಸಂಸ್ಥಾನಕ್ಕೆ ಸೇರಿತ್ತು. ಲಕ್ಷ್ಮೇಶ್ವರ ಮೀರಜ ಸಂಸ್ಥಾನದ್ದು. ಸಮೀಪದ ಕುಂದಗೋಳ ಜಮಖಂಡಿ ಸಂಸ್ಥಾನದ ಕೈಯಲ್ಲಿತ್ತು. ಈ ಮೂರೂ ಸಂಸ್ಥಾನಗಳನ್ನು ಆಳುತ್ತಿದ್ದವರು ಪಟವರ್ಧನ ಮನೆತನದವರು.

ಆಡಳಿತದ ಈ ನಂಟು ಕಲೆಯ ದಾರಿಯೂ ಆಯಿತು. ಆಧುನಿಕ ಮರಾಠಿ ರಂಗಭೂಮಿ ಹುಟ್ಟಿದ್ದು 1843ರಲ್ಲಿ, ಸಾಂಗ್ಲಿಯ ದೊರೆಯ ಆಶ್ರಯದಲ್ಲಿ ವಿಷ್ಣುದಾಸ ಭಾವೆಯವರು ಆಡಿಸಿದ ಸೀತಾಸ್ವಯಂವರದಿಂದ. ಅದಕ್ಕೆ ಪ್ರೇರಣೆ ಕೊಟ್ಟದ್ದು ಹೊನ್ನಾವರದ ಬಳಿಯ ಕರ್ಕಿಯಿಂದ ಹೋಗಿದ್ದ ಯಕ್ಷಗಾನ ಮೇಳ ಎಂಬುದು ರಂಗಭೂಮಿಯ ಚರಿತ್ರೆಯ ಸ್ವಾರಸ್ಯಗಳಲ್ಲಿ ಒಂದು. ಕರ್ನಾಟಕದಿಂದ ಹೋದ ಬೀಜ ಮರಾಠಿ ಸಂಗೀತ ನಾಟಕವಾಗಿ ಬೆಳೆದು ಮತ್ತೆ ಕನ್ನಡ ನಾಡಿಗೇ ಬಂದಿತು. ಧಾರವಾಡ, ಹುಬ್ಬಳ್ಳಿ, ಗದಗಗಳಲ್ಲಿ ಮರಾಠಿ ಮಂಡಳಿಗಳು ಬೀಡುಬಿಟ್ಟು ಆಡುತ್ತಿದ್ದ ಕಾಲದಲ್ಲಿ, ಕನ್ನಡಿಗರಿಗೆ ಕನ್ನಡದಲ್ಲಿಯೇ ನಾಟಕ ಬೇಕೆಂಬ ಹಟದಿಂದ ಶಾಂತಕವಿ ಸಕ್ಕರಿ ಬಾಳಾಚಾರ್ಯರು 1870ರ ದಶಕದಲ್ಲಿ ಗದುಗಿನಲ್ಲಿ ಕೃತಪುರ ನಾಟಕ ಮಂಡಳಿಯನ್ನು ಕಟ್ಟಿದರು. ಕೃತಪುರವೆಂಬುದು ಗದುಗಿನ ಹಳೆಯ ಹೆಸರು.

ಅಲ್ಲಿಂದ ಮುಂದೆ ಈ ಸೀಮೆ ನಾಟಕ ಕಂಪನಿಗಳ ತವರಾಯಿತು. ವೆಂಕೋಬರಾಯರ ಶಿರಹಟ್ಟಿ ಕಂಪನಿ, ಗದುಗಿನಲ್ಲಿ ಗರುಡ ಸದಾಶಿವರಾಯರು ಕಟ್ಟಿದ ದತ್ತಾತ್ರೇಯ ನಾಟಕ ಮಂಡಳಿ ಉತ್ತರ ಕರ್ನಾಟಕದಲ್ಲೆಲ್ಲ ಹೆಸರಾದವು. ಹೆಣ್ಣು ಪಾತ್ರಗಳನ್ನು ಗಂಡಸರೇ ಮಾಡುತ್ತಿದ್ದ ಕಾಲ ಇನ್ನೂ ಪೂರ್ತಿ ಮುಗಿಯದಿದ್ದಾಗಲೇ ಲಕ್ಷ್ಮೇಶ್ವರದ ಬಚ್ಚಾಸಾನಿ ಗಾಯಕಿಯಾಗಿ, ನಟಿಯಾಗಿ ಹೆಸರು ಮಾಡಿ, ಸ್ವಂತ ಕಂಪನಿಯ ಒಡತಿಯೂ ಆದರು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಗದಗ ರೈಲು ಜಂಕ್ಷನ್ ಆಗಿತ್ತು. ಒಂದು ದಾರಿ ಹುಬ್ಬಳ್ಳಿಗೆ, ಇನ್ನೊಂದು ಬಳ್ಳಾರಿಯ ಕಡೆಗೆ, ಮತ್ತೊಂದು ವಿಜಾಪುರದ ಮೂಲಕ ಸೊಲ್ಲಾಪುರದ ಕಡೆಗೆ. ಪರದೆ, ಪೆಟ್ಟಿಗೆ, ಹಾರ್ಮೋನಿಯಂ ಸಮೇತ ಊರೂರು ತಿರುಗುವ ಕಂಪನಿಗೆ ರೈಲು ವರವಾಯಿತು. ಹತ್ತಿಯ ಪೇಟೆಯಾಗಿದ್ದ ಗದುಗಿನಲ್ಲಿ, ನೇಕಾರರ ಬೆಟಗೇರಿಯಲ್ಲಿ ಸುಗ್ಗಿಯ ನಂತರ ಟಿಕೆಟ್ ಕೊಳ್ಳಲು ಕೈಯಲ್ಲಿ ಕಾಸು ಓಡಾಡುತ್ತಿತ್ತು. ಶಿರಹಟ್ಟಿಯ ಫಕೀರೇಶ್ವರ, ಮುಂಡರಗಿಯ ಅನ್ನದಾನೀಶ್ವರ ಮಠಗಳ ಜಾತ್ರೆಗಳಿಗೆ ಸುತ್ತಲಿನ ಹಳ್ಳಿಗಳ ಜನ ಚಕ್ಕಡಿ ಕಟ್ಟಿಕೊಂಡು ಬರುತ್ತಿದ್ದರು. ಜಾತ್ರೆಯಿದ್ದಲ್ಲಿ ನಾಟಕವಿರುವುದು ಈ ಭಾಗದ ವಾಡಿಕೆ.

ಹಾಡುವ ನಟನೆಂದರೆ ಯಾರು?

ಕಂಪನಿ ನಾಟಕದ ಪ್ರೇಕ್ಷಕ ಕಥೆ ತಿಳಿಯಲು ಬರುತ್ತಿರಲಿಲ್ಲ. ಸುಭದ್ರೆ, ದ್ರೌಪದಿ, ಸತ್ಯಭಾಮೆಯರ ಕಥೆ ಅವನಿಗೆ ಬಾಯಿಪಾಠವಿತ್ತು. ಅವನು ಬರುತ್ತಿದ್ದುದು ಹಾಡಿಗೆ. ಧ್ವನಿವರ್ಧಕವಿಲ್ಲದ ಕಾಲದಲ್ಲಿ ಕೊನೆಯ ಸಾಲಿನವನಿಗೂ ಮಾತು ಮತ್ತು ಸ್ವರ ಸ್ಪಷ್ಟವಾಗಿ ಮುಟ್ಟಬೇಕಾಗಿತ್ತು. ಪಾತ್ರದ ಭಾವ ಕೆಡದಂತೆ ರಾಗವನ್ನು ಹಿಗ್ಗಿಸಬೇಕು, ಪ್ರೇಕ್ಷಕರು ‘ಒನ್ಸ್ ಮೋರ್’ ಎಂದು ಕೂಗಿದರೆ ಅದೇ ಪದವನ್ನು ಹೊಸ ಆಲಾಪದೊಂದಿಗೆ ಮತ್ತೆ ಹಾಡಬೇಕು. ಇಂತಹ ಗಾಯಕ ನಟನಿಗೆ ರಾಗಜ್ಞಾನ, ಉಸಿರಿನ ಬಲ, ಸಭೆಯ ನಾಡಿ ತಿಳಿಯುವ ಚಾತುರ್ಯ ಮೂರೂ ಅಗತ್ಯವಾಗಿದ್ದವು.

ಹಿಂದೂಸ್ತಾನಿ ಸಂಗೀತ ಉತ್ತರ ಕರ್ನಾಟಕದ ಸಾಮಾನ್ಯ ಜನರ ಕಿವಿಗೆ ಬಿದ್ದದ್ದು ಹೆಚ್ಚಾಗಿ ಈ ಮಾರ್ಗದಿಂದಲೇ. ದರ್ಬಾರು, ಶ್ರೀಮಂತರ ವಾಡೆಗಳಲ್ಲಿದ್ದ ಖಯಾಲು, ಠುಮ್ರಿಗಳು ನಾಟಕದ ಪದಗಳಾಗಿ ಎರಡಾಣೆ, ನಾಲ್ಕಾಣೆ ಟಿಕೆಟ್ಟಿನವರಿಗೂ ದೊರೆತವು. ಮುಂದೆ ದೊಡ್ಡ ಗಾಯಕರೆನಿಸಿದ ಹಲವರು ಬಣ್ಣದ ಮನೆಯಿಂದಲೇ ಬಂದವರು. ಮಲ್ಲಿಕಾರ್ಜುನ ಮನಸೂರರು ಬಾಲನಟರಾಗಿದ್ದಾಗ ಅವರ ಹಾಡು ಕೇಳಿದ ನೀಲಕಂಠಬುವಾ ಅವರು ಹುಡುಗನನ್ನು ಮೀರಜಕ್ಕೆ ಕರೆದೊಯ್ದು ಪಾಠ ಹೇಳಿದರು. ಬಸವರಾಜ ರಾಜಗುರು ಅವರೂ ವಾಮನರಾವ್ ಮಾಸ್ತರರ ಕಂಪನಿಯಲ್ಲಿ ಬಾಲನಟರಾಗಿದ್ದು, ನಂತರ ಗಾನಯೋಗಿ ಪಂಚಾಕ್ಷರಿ ಗವಾಯಿಗಳ ಶಿಷ್ಯರಾದವರು. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧ, ಅನಾಥ ಮಕ್ಕಳ ಅನ್ನ ಮತ್ತು ವಿದ್ಯೆಗೆ ಹಣ ಹೊಂದಿಸಲು ಗವಾಯಿಗಳು ಹಿಡಿದ ದಾರಿಯೂ ನಾಟಕ ಕಂಪನಿಯೇ. 1944ರಲ್ಲಿ ಅವರು ತೀರಿಕೊಂಡ ಮೇಲೆ ಪುಟ್ಟರಾಜ ಗವಾಯಿಗಳು ಆ ಪರಂಪರೆಯನ್ನು ದಶಕಗಳ ಕಾಲ ಮುಂದುವರಿಸಿದರು. ನಾಟಕವೆಂದರೆ ಮನರಂಜನೆ ಮಾತ್ರವಾಗಿರಲಿಲ್ಲ; ಸಂಗೀತಗಾರರ ಹೊಟ್ಟೆಪಾಡಿನ ಆಧಾರವೂ ಅದಾಗಿತ್ತು.

ಅಂಗಿಯ ಮೇಲಿನ ಹೆಸರು

ಭೀಮಸೇನ ಜೋಶಿ 1922ರ ಫೆಬ್ರವರಿ 4ರಂದು ರೋಣದಲ್ಲಿ ಜನಿಸಿ ಗದುಗಿನಲ್ಲಿ ಬೆಳೆದರು. ತಂದೆ ಗುರುರಾಜ ಜೋಶಿ ಶಾಲಾ ಮಾಸ್ತರರು. ಹದಿನಾರು ಮಕ್ಕಳಲ್ಲಿ ಭೀಮಸೇನ ಹಿರಿಯ. ತಾಯಿ ಬೇಗ ತೀರಿಕೊಂಡರು. ಮನೆಯಲ್ಲಿ ಅಜ್ಜನ ಕಾಲದಿಂದ ಕೀರ್ತನೆಯ ವಾತಾವರಣವಿತ್ತು. ಆದರೆ ಮಾಸ್ತರರ ಆಸೆ ಮಗ ಓದಿ ನೌಕರಿ ಹಿಡಿಯಲಿ ಎಂಬುದಾಗಿತ್ತು.

ಮಗನ ಕಿವಿ ಬೇರೆ ಕಡೆಗಿತ್ತು. ಬೀದಿಯಲ್ಲಿ ಭಜನೆಯ ಮೇಳವೋ ಮೆರವಣಿಗೆಯ ವಾದ್ಯವೋ ಹೊರಟರೆ ಅದರ ಬೆನ್ನು ಹತ್ತಿ ಹೋಗುತ್ತಿದ್ದ ಹುಡುಗ ದಣಿದು ಎಲ್ಲಿಯೋ ಮಲಗಿಬಿಡುತ್ತಿದ್ದ. ಹುಡುಕಿ ಸಾಕಾದ ತಂದೆ ಕೊನೆಗೆ ‘ಜೋಶಿ ಮಾಸ್ತರರ ಮಗ’ ಎಂದು ಅವನ ಅಂಗಿಯ ಮೇಲೆ ಬರೆದರು. ಸಿಕ್ಕವರು ಮನೆಗೆ ತಂದು ಮುಟ್ಟಿಸಲಿ ಎಂಬ ಉಪಾಯ ಅದು.

ಹುಡುಗನ ಜೀವನದ ದಿಕ್ಕನ್ನು ಬದಲಿಸಿದ್ದು ಅಂಗಡಿಯೊಂದರಲ್ಲಿ ಕೇಳಿದ ಗ್ರಾಮಫೋನ್ ಪ್ಲೇಟು. ಕಿರಾನಾ ಘರಾನೆಯ ಉಸ್ತಾದ್ ಅಬ್ದುಲ್ ಕರೀಮ್ ಖಾನರು ಝಿಂಝೋಟಿ ರಾಗದಲ್ಲಿ ಹಾಡಿದ ಠುಮ್ರಿ ಅದರಲ್ಲಿತ್ತು. ಮೂರೇ ನಿಮಿಷದ ಆ ಹಾಡಿನಂತೆ ತಾನೂ ಹಾಡಬೇಕೆಂಬ ಹಂಬಲ ಹುಡುಗನನ್ನು ಬಿಡಲಿಲ್ಲ. ಮೊದಲ ಪಾಠ ಸಿಕ್ಕಿದ್ದು ಗದುಗಿಗೆ ಹತ್ತಿರದ ಕುರ್ತಕೋಟಿಯ ಅಗಸರ ಚನ್ನಪ್ಪನವರಿಂದ. ಭೈರವ, ಭೀಮಪಲಾಸಿ ರಾಗಗಳ ಪರಿಚಯ ಅವರಿಂದಲೇ ಆಯಿತು. ಮುಂದೆ ಶ್ಯಾಮಾಚಾರ್ಯ ಜೋಶಿಯವರು ಹಾಡುಗಾರಿಕೆಯನ್ನೂ ಹಾರ್ಮೋನಿಯಂ ಅನ್ನೂ ಹೇಳಿಕೊಟ್ಟರು.

1933ರಲ್ಲಿ, ಹನ್ನೊಂದನೆಯ ವಯಸ್ಸಿನಲ್ಲಿ, ಹುಡುಗ ಮನೆಬಿಟ್ಟ. ಊಟಕ್ಕೆ ಕುಳಿತಾಗ ತುಪ್ಪಕ್ಕಾಗಿ ನಡೆದ ಮುನಿಸು ನೆಪವಾಯಿತೆಂದು ಜೋಶಿಯವರೇ ನಂತರ ಹೇಳಿಕೊಳ್ಳುತ್ತಿದ್ದರು. ನಿಜವಾದ ಕಾರಣ ಗುರುವಿನ ಶೋಧ. ಟಿಕೆಟ್ ಇಲ್ಲದ ರೈಲು ಪ್ರಯಾಣ, ಬೋಗಿಯಲ್ಲಿ ಹಾಡಿ ಸಹಪ್ರಯಾಣಿಕರಿಂದ ಪಡೆದ ಚಿಲ್ಲರೆ, ಊರಿಂದೂರಿಗೆ ಅಲೆದಾಟ. ವಿಜಾಪುರ, ಪುಣೆ, ಮುಂಬಯಿ ದಾಟಿ ಗ್ವಾಲಿಯರ್ ಸೇರಿದಾಗ ಸರೋದ್ ವಾದಕ ಹಾಫೀಜ್ ಅಲಿ ಖಾನರ ನೆರವಿನಿಂದ ಅಲ್ಲಿನ ಮಾಧವ ಸಂಗೀತ ಶಾಲೆಯಲ್ಲಿ ಪ್ರವೇಶ ದೊರೆಯಿತು. ಕಲ್ಕತ್ತೆಯಲ್ಲಿ ಹುಡುಗ ಮನೆಗೆಲಸಕ್ಕಿದ್ದದ್ದು ಪಹಾಡಿ ಸನ್ಯಾಲರ ಮನೆಯಲ್ಲಿ. ಸನ್ಯಾಲರು ಆ ಕಾಲದ ನ್ಯೂ ಥಿಯೇಟರ್ಸ್ ಸಂಸ್ಥೆಯ ಖ್ಯಾತ ನಟ, ಸ್ವತಃ ಗಾಯಕ. ಅನೇಕ ವರ್ಷಗಳ ನಂತರ ಕಲ್ಕತ್ತೆಯ ಕಚೇರಿಯೊಂದರಲ್ಲಿ ಪ್ರಸಿದ್ಧ ಗಾಯಕ ಭೀಮಸೇನ ಜೋಶಿಯವರನ್ನು ಕಂಡಾಗ, ತಮ್ಮ ಮನೆಯಲ್ಲಿ ಕೆಲಸ ಮಾಡಿದ ಹುಡುಗ ಇವರೇ ಎಂಬುದು ಸನ್ಯಾಲರಿಗೆ ಹೊಳೆಯಲೇ ಇಲ್ಲ.

ಅಲೆದಾಟ ಕೊನೆಗೊಂಡಿದ್ದು ಪಂಜಾಬಿನ ಜಾಲಂಧರದಲ್ಲಿ. ಅಲ್ಲಿನ ಹರಿವಲ್ಲಭ ಸಂಗೀತ ಸಮ್ಮೇಳನಕ್ಕೆ ಬಂದಿದ್ದ ವಿನಾಯಕರಾವ್ ಪಟವರ್ಧನರು ಹುಡುಗನ ಊರು ಯಾವುದೆಂದು ತಿಳಿದು, ಗುರುವನ್ನು ಇಷ್ಟು ದೂರ ಹುಡುಕುವ ಅಗತ್ಯವಿಲ್ಲ, ನಿನ್ನ ನಾಡಿನಲ್ಲಿಯೇ ಸವಾಯಿ ಗಂಧರ್ವರಿದ್ದಾರೆ ಎಂದು ತಿಳಿಹೇಳಿದರು. ಮಗನ ಸುಳಿವು ಹಿಡಿದು ಜಾಲಂಧರದವರೆಗೂ ಬಂದ ತಂದೆಯೊಂದಿಗೆ ಹುಡುಗ ಮರಳಿದ. ಈ ಸಲ ಮಾಸ್ತರರು ಮಗನ ಹಟಕ್ಕೆ ಸೋತಿದ್ದರು.

ಕುಂದಗೋಳದ ಗುರು, ರಂಗದ ನಾಯಕಿ

ಅಬ್ದುಲ್ ಕರೀಮ್ ಖಾನರ ಶಿಷ್ಯರಾದ ಸವಾಯಿ ಗಂಧರ್ವರ ನಿಜನಾಮ ರಾಮಭಾವು ಕುಂದಗೋಳಕರ. 1886ರಲ್ಲಿ ಜನಿಸಿದ ಅವರು ಖಯಾಲು ಗಾಯಕರಾಗುವುದರ ಜೊತೆಗೆ ಮರಾಠಿ ಸಂಗೀತ ನಾಟಕಗಳ ಅತಿ ಜನಪ್ರಿಯ ಸ್ತ್ರೀಪಾತ್ರಧಾರಿಗಳಲ್ಲಿ ಒಬ್ಬರಾಗಿದ್ದರು. ಲೋಕಮಾನ್ಯ ತಿಲಕರಿಂದ ಬಾಲಗಂಧರ್ವ ಎಂಬ ಬಿರುದು ಪಡೆದ ನಾರಾಯಣರಾವ್ ರಾಜಹಂಸರು ಆಗ ಮರಾಠಿ ರಂಗದ ಮೇರುನಟ. ಅವರಿಗೆ ಸರಿಜೋಡಿಯಾಗಿ ನಿಂತ ಕನ್ನಡಿಗನಿಗೆ ಅಭಿಮಾನಿಗಳು ಕೊಟ್ಟ ಹೆಸರು ಸವಾಯಿ ಗಂಧರ್ವ. ಸವಾಯಿ ಎಂದರೆ ಒಂದೂಕಾಲು. ಗಂಧರ್ವನಿಗಿಂತ ಕಾಲು ಪಾಲು ಹೆಚ್ಚು ಎಂಬ ಅರ್ಥ ಅದರಲ್ಲಿದೆ.

ಹೀಗಾಗಿ 1936ರಲ್ಲಿ ಭೀಮಸೇನರಿಗೆ ದೊರೆತ ಗುರು ಘರಾನೆಯ ಶಿಸ್ತು ಮತ್ತು ರಂಗದ ಅನುಭವ ಎರಡನ್ನೂ ಉಂಡವರು. ರಾಗ ಎಲ್ಲಿ ಬಿಚ್ಚಿಕೊಳ್ಳಬೇಕು, ಸಭೆ ಎಲ್ಲಿ ಉಸಿರು ಬಿಗಿಹಿಡಿಯುತ್ತದೆ ಎಂಬುದನ್ನು ಸಾವಿರಾರು ಪ್ರೇಕ್ಷಕರ ಎದುರು ಕಲಿತವರು. ಅವರ ಶಿಷ್ಯರಲ್ಲಿ ಭೀಮಸೇನ ಜೋಶಿ, ಗಂಗೂಬಾಯಿ ಹಾನಗಲ್, ಫಿರೋಜ್ ದಸ್ತೂರ್ ಮುಂಚೂಣಿಯವರು. ಇವರಲ್ಲಿ ದಸ್ತೂರ್ ಅವರು ಬಾಲ್ಯದಲ್ಲಿ ವಾಡಿಯಾ ಸಂಸ್ಥೆಯ ಚಿತ್ರಗಳಲ್ಲಿ ಹಾಡಿ ನಟಿಸಿದವರು.

ಕುಂದಗೋಳದ ಶಿಕ್ಷಣ ಹಳೆಯ ಗುರುಕುಲ ಪದ್ಧತಿಯದು. ನೀರು ತರುವುದು, ಮನೆಗೆಲಸ ಮಾಡುವುದು, ಗುರುವಿನ ಸೇವೆ; ಅದರ ನಡುವೆ ಪಾಠ. ತಿಂಗಳುಗಟ್ಟಲೆ ಒಂದೇ ರಾಗ. ಬೆಳಿಗ್ಗೆ ತೋಡಿ, ಮಧ್ಯಾಹ್ನ ಮುಲ್ತಾನಿ, ಸಂಜೆ ಪೂರಿಯಾ ಎಂಬಂತೆ ಹೊತ್ತಿಗೆ ತಕ್ಕ ಸಾಧನೆ. ಹುಬ್ಬಳ್ಳಿಯಿಂದ ರೈಲಿನಲ್ಲಿ ಪಾಠಕ್ಕೆ ಬರುತ್ತಿದ್ದ ಗಂಗೂಬಾಯಿಯವರನ್ನು ರಾತ್ರಿ ನಿಲ್ದಾಣದವರೆಗೆ ಮುಟ್ಟಿಸುವ ಕೆಲಸ ಭೀಮಸೇನರದಾಗಿತ್ತು. ಆ ದಾರಿಯಲ್ಲಿ ಅಂದಿನ ಪಾಠದ ಮಾತು ನಡೆಯುತ್ತಿತ್ತೆಂದು ಗಂಗೂಬಾಯಿ ಮುಂದೆ ನೆನೆಯುತ್ತಿದ್ದರು. 1940ರ ವೇಳೆಗೆ ಕುಂದಗೋಳದ ಶಿಕ್ಷಣ ಒಂದು ಹಂತ ಮುಟ್ಟಿತು. ನಂತರ ರಾಮಪುರಕ್ಕೂ ಲಖನೌಗೂ ಹೋಗಿ ಅಲ್ಲಿನ ಗಾಯಕಿಯನ್ನು ಕೇಳಿ ಅರಗಿಸಿಕೊಂಡರು.

ಬಣ್ಣದ ಮನೆಯ ಕೊನೆಯ ದಿನಗಳು

ಭೀಮಸೇನ ಜೋಶಿ ವೃತ್ತಿಗೆ ಇಳಿಯುವ ಹೊತ್ತಿಗೆ ಗಾಯಕ ನಟನ ಕಾಲ ಇಳಿಮುಖವಾಗಿತ್ತು. 1934ರ ಮಾರ್ಚ್ 3ರಂದು ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನ’ ತೆರೆಕಂಡಿತ್ತು. ಒಂದೇ ರಾತ್ರಿಗೆ ಒಂದೇ ಊರಿನಲ್ಲಿ ಆಡಬಹುದಾದ ಕಂಪನಿ, ಒಂದೇ ದಿನ ಹಲವು ಊರುಗಳಲ್ಲಿ ಓಡುವ ಚಿತ್ರದೊಡನೆ ಸ್ಪರ್ಧಿಸುವುದು ಕಷ್ಟವಾಯಿತು. ನಾಟಕದ ಥಿಯೇಟರುಗಳೇ ಟಾಕೀಸುಗಳಾದವು.

ಆ ಸಂಧಿಕಾಲದಲ್ಲಿ ಭೀಮಸೇನರೂ ಬಣ್ಣ ಹಚ್ಚಿದರು. ‘ಭಾಗ್ಯಶ್ರೀ’ ಎಂಬ ಕನ್ನಡ ನಾಟಕದಲ್ಲಿ ಅವರು ನಟಿಸಿದ್ದು 1940ರ ದಶಕದಲ್ಲಿ. ಸಹನಟಿಯಾಗಿದ್ದ ವತ್ಸಲಾ ಮುಧೋಳಕರ ಅವರನ್ನು 1951ರಲ್ಲಿ ವಿವಾಹವಾದರು. ಆ ಹೊತ್ತಿಗೆ ಮೊದಲ ಪತ್ನಿ ಮತ್ತು ಮಕ್ಕಳಿದ್ದರು. ಎರಡು ಸಂಸಾರಗಳ ನಡುವಿನ ನೋವು ಮುಚ್ಚಿಟ್ಟ ಸಂಗತಿಯೇನಲ್ಲ. ಹಿರಿಯ ಮಗ ರಾಘವೇಂದ್ರ ಜೋಶಿ ಮರಾಠಿಯಲ್ಲಿ ಬರೆದ ನೆನಪುಗಳು, ದೊಡ್ಡ ಗಾಯಕನ ಮನೆಯವರು ತೆತ್ತ ಬೆಲೆಯನ್ನು ದಾಖಲಿಸಿವೆ.

ನಟನಾಗಿ ಅವರ ಬದುಕು ಚಿಕ್ಕದು. ಜೀವನೋಪಾಯಕ್ಕೆ ಬೇರೆ ದಾರಿಗಳು ತೆರೆಯುತ್ತಿದ್ದವು. 1940ರ ದಶಕದ ಆರಂಭದಲ್ಲಿ ಕನ್ನಡ, ಹಿಂದಿ ಭಕ್ತಿಗೀತೆಗಳ ಗ್ರಾಮಫೋನ್ ಪ್ಲೇಟು ಹೊರಬಂದಿತು. 1943ರಲ್ಲಿ ಮುಂಬಯಿಗೆ ಹೋಗಿ ರೇಡಿಯೊ ಕಲಾವಿದರಾದರು. 1946ರಲ್ಲಿ ಪುಣೆಯಲ್ಲಿ ನಡೆದ ಗುರುವಿನ ಅರವತ್ತನೆಯ ವರ್ಷದ ಸಮಾರಂಭದಲ್ಲಿ ಹಾಡಿದ ಕಚೇರಿ ಅವರ ಹೆಸರನ್ನು ನೆಲೆಗೊಳಿಸಿತು. ಸವಾಯಿ ಗಂಧರ್ವರು 1952ರಲ್ಲಿ ತೀರಿಕೊಂಡರು. ಮರುವರ್ಷದಿಂದ ಅವರ ಸ್ಮರಣೆಯಲ್ಲಿ ಪುಣೆಯಲ್ಲಿ ಆರಂಭವಾದ ಉತ್ಸವವನ್ನು ಜೋಶಿಯವರು ದಶಕಗಳ ಕಾಲ ಮುನ್ನಡೆಸಿದರು. ಸಾವಿರಾರು ಜನ ಟಿಕೆಟ್ ಕೊಂಡು ರಾತ್ರಿಗಟ್ಟಲೆ ಪೆಂಡಾಲಿನಲ್ಲಿ ಕುಳಿತು ಕೇಳುತ್ತಿದ್ದ ಆ ಉತ್ಸವದಲ್ಲಿ ಹಳೆಯ ನಾಟಕದ ರಾತ್ರಿಗಳ ಛಾಯೆ ಕಾಣದಿರದು.

ತೆರೆಯ ಹಿಂದಿನ ದನಿ

ಸಿನಿಮಾ ಆರಂಭದಲ್ಲಿ ಹಾಡಬಲ್ಲ ನಟರನ್ನೇ ಬಯಸಿತ್ತು. ಆದರೆ 1935ರಲ್ಲಿ ನ್ಯೂ ಥಿಯೇಟರ್ಸ್ ಹಿನ್ನೆಲೆ ಗಾಯನದ ಪದ್ಧತಿಯನ್ನು ತಂದ ಮೇಲೆ ಮುಖ ಒಬ್ಬರದು, ದನಿ ಇನ್ನೊಬ್ಬರದು ಎಂಬ ವಿಭಜನೆ ಹಂತಹಂತವಾಗಿ ಬೇರೂರಿತು. ಗಾಯಕ ನಟ ಎರಡು ತುಂಡಾದ.

ಈ ಹೊಸ ವ್ಯವಸ್ಥೆಯಲ್ಲಿ ಜೋಶಿಯವರಿಗೆ ಸಿಕ್ಕ ಮೊದಲ ದೊಡ್ಡ ಅವಕಾಶ 1956ರ ಹಿಂದಿ ಚಿತ್ರ ‘ಬಸಂತ್ ಬಹಾರ್’. ತ.ರಾ. ಸುಬ್ಬರಾಯರ ಕನ್ನಡ ಕಾದಂಬರಿ ‘ಹಂಸಗೀತೆ’ ಅದರ ಮೂಲ. ಶಂಕರ್-ಜೈಕಿಶನ್ ಸಂಗೀತದ ಆ ಚಿತ್ರದಲ್ಲಿ ಇಬ್ಬರು ಗಾಯಕರ ಸ್ಪರ್ಧೆಯ ಸನ್ನಿವೇಶವಿದೆ. ಸೋಲುವ ಆಸ್ಥಾನ ಗಾಯಕನಿಗೆ ದನಿ ಭೀಮಸೇನರದು, ಗೆಲ್ಲುವ ನಾಯಕನಿಗೆ ಮನ್ನಾ ಡೇ ಅವರದು. ಭೀಮಸೇನ ಜೋಶಿಯವರನ್ನು ಹಾಡಿನಲ್ಲಿ ಸೋಲಿಸಬೇಕೆಂದು ಕೇಳಿ ಮನ್ನಾ ಡೇ ಗಾಬರಿಗೊಂಡು, ಕೆಲಕಾಲ ಊರನ್ನೇ ಬಿಟ್ಟು ಹೋಗುವ ಯೋಚನೆ ಮಾಡಿದ್ದರು. ಪತ್ನಿ ಧೈರ್ಯ ಹೇಳಿದ ಮೇಲೆಯೇ ಅವರು ಒಪ್ಪಿದ್ದು. ಚಿತ್ರಕಥೆಯಲ್ಲಿ ಸೋತ ದನಿ ಜನರ ಮನಸ್ಸಿನಲ್ಲಿ ಉಳಿಯಿತು.

ಕನ್ನಡದಲ್ಲಿ ಅವರ ದನಿಯನ್ನು ಬಳಸಿದ ಮುಖ್ಯ ಚಿತ್ರ 1966ರ ‘ಸಂಧ್ಯಾರಾಗ’. ಅ.ನ. ಕೃಷ್ಣರಾಯರ ಕಾದಂಬರಿಯನ್ನು ಆಧರಿಸಿದ ಇದು ಸಂಗೀತಗಾರನೊಬ್ಬನ ಬದುಕಿನ ಕಥೆ. ನಾಯಕ ರಾಜಕುಮಾರ್. ಉತ್ತರಾದಿಯ ಭೀಮಸೇನ ಜೋಶಿ, ದಕ್ಷಿಣಾದಿಯ ಬಾಲಮುರಳಿ ಕೃಷ್ಣ ಇಬ್ಬರೂ ಈ ಚಿತ್ರಕ್ಕೆ ಹಾಡಿದರು. ಕಂಪನಿ ನಾಟಕದ ಎರಡು ಕವಲುಗಳು ಇಲ್ಲಿ ಸೇರಿದವೆನ್ನಬಹುದು. ರಾಜಕುಮಾರ್ ಗುಬ್ಬಿ ಕಂಪನಿಯಲ್ಲಿ ಪಳಗಿದ ನಟ, ಹಾಡಲು ಬಲ್ಲವರು. ಆದರೂ ಆ ಕಾಲದಲ್ಲಿ ಅವರಿಗೆ ಬೇರೆಯವರು ಹಾಡುತ್ತಿದ್ದರು. 1974ರ ‘ಸಂಪತ್ತಿಗೆ ಸವಾಲ್’ ನಂತರವೇ ರಾಜಕುಮಾರ್ ತಮ್ಮ ಹಾಡುಗಳನ್ನು ತಾವೇ ಹಾಡುವುದು ರೂಢಿಯಾಯಿತು. ಕನ್ನಡ ಪ್ರೇಕ್ಷಕರು ಅದನ್ನು ಅಷ್ಟು ಸಂಭ್ರಮದಿಂದ ಸ್ವೀಕರಿಸಿದ್ದರ ಹಿಂದೆ, ಮುಖವೂ ದನಿಯೂ ಒಬ್ಬರದೇ ಆಗಿದ್ದ ರಂಗದ ನೆನಪು ಕೆಲಸ ಮಾಡಿರಬೇಕು. ಶ್ರೇಷ್ಠ ಹಿನ್ನೆಲೆ ಗಾಯಕನ ರಾಷ್ಟ್ರಪ್ರಶಸ್ತಿ ಇವರಿಬ್ಬರಿಗೂ ಸಂದಿತು: ಜೋಶಿಯವರಿಗೆ 1984ರ ಸಾಲಿನಲ್ಲಿ ‘ಅನ್‌ಕಹೀ’ ಹಿಂದಿ ಚಿತ್ರಕ್ಕೆ, ರಾಜಕುಮಾರ್ ಅವರಿಗೆ 1992ರ ಸಾಲಿನಲ್ಲಿ ‘ಜೀವನ ಚೈತ್ರ’ಕ್ಕೆ.

ಖಯಾಲಿನಿಂದ ದಾಸರ ಪದದವರೆಗೆ

ಚಿತ್ರಗೀತೆಗಳ ಸಂಖ್ಯೆ ಕಡಿಮೆಯೇ. ಜೋಶಿಯವರ ಜನಪ್ರಿಯತೆಯ ಬೇರು ಕಚೇರಿಯಲ್ಲಿದೆ. ಕಚೇರಿಯ ಆರಂಭದಲ್ಲಿ ಶುದ್ಧ ಕಲ್ಯಾಣ, ಪೂರಿಯಾ ಧನಾಶ್ರೀ, ಮಾಲಕಂಸ, ದರ್ಬಾರಿಯಂತಹ ರಾಗದ ದೀರ್ಘ ವಿಸ್ತಾರ. ಮಂದ್ರದಲ್ಲಿ ಸ್ವರವನ್ನು ನಿಲ್ಲಿಸಿ, ಸಭೆಯನ್ನು ಕಾಯಿಸಿ, ಮೇಲಿನ ಷಡ್ಜ ಮುಟ್ಟುವ ಕ್ಷಣಕ್ಕೆ ಎಲ್ಲರನ್ನೂ ಸಜ್ಜುಗೊಳಿಸುವ ರೀತಿ. ಆಮೇಲೆ ಗುಡುಗಿನಂತಹ ತಾನುಗಳು. ಕೊನೆಯಲ್ಲಿ ಠುಮ್ರಿ, ನಾಟ್ಯಗೀತೆ, ಅಭಂಗ ಅಥವಾ ದಾಸರ ಪದ. ರಾಗ ಬಲ್ಲವನು ಮೊದಲ ಭಾಗಕ್ಕೆ ಬಂದರೆ, ಬಲ್ಲದವನು ಕೊನೆಯ ಭಾಗಕ್ಕಾಗಿ ಕಾದಿದ್ದು, ಕಾಯುವಾಗಲೇ ರಾಗದ ರುಚಿ ಹತ್ತಿಸಿಕೊಂಡು ಹೋಗುತ್ತಿದ್ದ.

ಹಾಡುವಾಗ ಅವರ ಮುಖ, ಕೈ, ಭುಜಗಳು ಸ್ವರದೊಡನೆ ಹೊರಳುತ್ತಿದ್ದವು. ಅದು ಅತಿಯಾಯಿತೆಂದು ಟೀಕಿಸಿದವರಿದ್ದಾರೆ. ಕಿರಾನಾ ಘರಾನೆಯ ಮೃದು, ಧ್ಯಾನಸ್ಥ ಗಾಯನಕ್ಕೆ ಬೇರೆ ಘರಾನೆಗಳ ತಾನಬಾಜಿ ಬೆರೆಸಿದರೆಂದು, ಮೆಚ್ಚಿನ ಕೆಲವೇ ರಾಗಗಳನ್ನು ಮತ್ತೆಮತ್ತೆ ಹಾಡಿದರೆಂದು ಆಕ್ಷೇಪಿಸಿದವರೂ ಇದ್ದಾರೆ. ಆಕ್ಷೇಪಗಳಲ್ಲಿ ಹುರುಳಿಲ್ಲದಿಲ್ಲ. ಆದರೆ ಒಂದೇ ಪದವನ್ನು ನೂರು ರಾತ್ರಿ ಹಾಡಿದರೂ ಪ್ರತಿ ರಾತ್ರಿ ಹೊಸದಾಗಿಸುವುದು ಗಾಯಕ ನಟನ ಕಸುಬು. ಆ ಕಸುಬಿನ ಗುರುವಿನಿಂದ ಬಂದವರು ತೋಡಿಯನ್ನು ಐವತ್ತು ವರ್ಷ ಹಾಡಿದ್ದನ್ನು ಬಡತನವೆಂದು ಎಣಿಸಲಾಗದು.

ಕಾಲಕಾಲದ ಹೊಸ ಸಾಧನಗಳನ್ನು ಅವರು ದೂರವಿಡಲಿಲ್ಲ. ರೇಡಿಯೊ, ದೀರ್ಘಕಾಲದ ಧ್ವನಿಮುದ್ರಿಕೆ, ಕ್ಯಾಸೆಟ್ಟು ಎಲ್ಲದರಲ್ಲಿಯೂ ಅವರ ದನಿ ನೆಲೆಸಿತು. 1988ರ ಆಗಸ್ಟ್ 15ರಂದು ದೂರದರ್ಶನದಲ್ಲಿ ಮೊದಲು ಪ್ರಸಾರವಾದ ‘ಮಿಲೇ ಸುರ್ ಮೇರಾ ತುಮ್ಹಾರಾ’ ಆರಂಭವಾಗುವುದು ಅವರ ಭೈರವಿಯಿಂದ. ಕಂಪನಿಗೆ ರೈಲು ಇದ್ದಂತೆ ಅವರಿಗೆ ಕಾರು. ನೂರಾರು ಮೈಲಿ ತಾವೇ ಓಡಿಸಿಕೊಂಡು ಹೋಗಿ ಕಚೇರಿ ಮುಗಿಸಿ ಮರಳುತ್ತಿದ್ದರು. ಮುಂದೆ ವಿಮಾನ ಪ್ರಯಾಣ ಹೆಚ್ಚಿದಾಗ ‘ಹವಾಯಿ ಗಂಧರ್ವ’ ಎಂಬ ತಮಾಷೆಯ ಹೆಸರೂ ಬಿದ್ದಿತು. ಈ ಓಟದ ನಡುವೆ ಮದ್ಯದ ಚಟ ಅವರನ್ನು ವರ್ಷಗಟ್ಟಲೆ ಕಾಡಿ ಕೆಲವು ಕಚೇರಿಗಳನ್ನು ಕೆಡಿಸಿತು. 1970ರ ದಶಕ ಮುಗಿಯುವ ವೇಳೆಗೆ ಅದರಿಂದ ಹೊರಬಂದು ಮತ್ತೆ ಎತ್ತರಕ್ಕೆ ಹಾಡಿದ್ದು ಅವರ ಮನೋಬಲಕ್ಕೆ ಸಾಕ್ಷಿ.

ಯಾವ ನಾಡಿನ ಗಾಯಕ?

ನೆಲೆಸಿದ್ದು ಪುಣೆಯಲ್ಲಿ, ಹಾಡಿದ್ದು ದೇಶದಲ್ಲೆಲ್ಲ. ಹಾಗಾಗಿ ಭೀಮಸೇನರು ಕನ್ನಡಿಗರೋ ಮಹಾರಾಷ್ಟ್ರೀಯರೋ ಎಂಬ ಚರ್ಚೆ ಆಗಾಗ ಏಳುತ್ತದೆ. ಮಹಾರಾಷ್ಟ್ರ ಅವರಿಗೆ ‘ಮಹಾರಾಷ್ಟ್ರ ಭೂಷಣ’ ನೀಡಿತು, ಕರ್ನಾಟಕ 2005ರಲ್ಲಿ ‘ಕರ್ನಾಟಕ ರತ್ನ’ ನೀಡಿತು. ಕೇಂದ್ರದಿಂದ 1972ರಲ್ಲಿ ಪದ್ಮಶ್ರೀ, 1985ರಲ್ಲಿ ಪದ್ಮಭೂಷಣ, 1999ರಲ್ಲಿ ಪದ್ಮವಿಭೂಷಣ ಬಂದಿದ್ದವು. ಶಿರಹಟ್ಟಿಯ ಆಡಳಿತ ಸಾಂಗ್ಲಿಯಿಂದ, ಲಕ್ಷ್ಮೇಶ್ವರದ್ದು ಮೀರಜದಿಂದ ನಡೆಯುತ್ತಿದ್ದ ಕಾಲದ ಸೀಮೆಯಲ್ಲಿ ಹುಟ್ಟಿದವರಿಗೆ ಎರಡು ಭಾಷೆ ಎರಡು ಮನೆಗಳಂತೆ ಇದ್ದವು. ದಾಸರ ಪದ, ಅಭಂಗ ಎರಡನ್ನೂ ಅವರು ಪರಕೀಯರಂತೆ ಹಾಡಲಿಲ್ಲ. ಆ ಸಂಗೀತವನ್ನು ಒಂದೇ ರಾಜ್ಯದ ಗಡಿಯೊಳಗೆ ಇಡಲು ಹೊರಟರೆ ಅದು ಬೆಳೆದ ದಾರಿಯನ್ನೇ ಮರೆತಂತಾಗುತ್ತದೆ.

ಉಳಿದಿರುವುದೇನು?

2011ರ ಜನವರಿ 24ರಂದು ಭೀಮಸೇನ ಜೋಶಿ ಪುಣೆಯಲ್ಲಿ ನಿಧನರಾದರು. ಅದಕ್ಕೆ ನಾಲ್ಕು ತಿಂಗಳ ಹಿಂದೆ, 2010ರ ಸೆಪ್ಟೆಂಬರ್ 17ರಂದು, ಗದುಗಿನಲ್ಲಿ ಪುಟ್ಟರಾಜ ಗವಾಯಿಗಳು ತೀರಿಕೊಂಡಿದ್ದರು. ನಾಟಕದ ಪರದೆಯ ಹಿಂದೆ ಹಾರ್ಮೋನಿಯಂ ಶ್ರುತಿ ಕೇಳಿ ಬೆಳೆದ ತಲೆಮಾರು ಇವರೊಂದಿಗೆ ಬಹುಮಟ್ಟಿಗೆ ಮುಗಿಯಿತು.

ಗದುಗಿನ ರಂಗಮಂದಿರಕ್ಕೆ ಇಂದು ಭೀಮಸೇನ ಜೋಶಿಯವರ ಹೆಸರಿದೆ. ವೀರೇಶ್ವರ ಪುಣ್ಯಾಶ್ರಮದಲ್ಲಿ ಮಕ್ಕಳ ಸಂಗೀತಾಭ್ಯಾಸ ನಡೆದಿದೆ. ಕುಂದಗೋಳದ ನಾಡಿಗೇರರ ವಾಡೆಯಲ್ಲಿ ಸವಾಯಿ ಗಂಧರ್ವರ ಪುಣ್ಯತಿಥಿಗೆ ರಾತ್ರಿಯಿಡೀ ಹಾಡುವ ವಾಡಿಕೆ ಬೆಳೆದುಬಂದಿದೆ. ಜೋಶಿಯವರ ಶಿಷ್ಯ ಆನಂದ ಭಾಟೆ 2011ರ ಮರಾಠಿ ಚಿತ್ರ ‘ಬಾಲಗಂಧರ್ವ’ದಲ್ಲಿ ಹಾಡಿ ರಾಷ್ಟ್ರಪ್ರಶಸ್ತಿ ಪಡೆದಾಗ, ರಂಗದ ಹಾಡು ಕಿರಾನಾ ಕಂಠದಲ್ಲಿ ತೆರೆಗೆ ಬಂದಂತಾಯಿತು. ಇವೆಲ್ಲ ನೆಮ್ಮದಿ ತರುವ ಸಂಗತಿಗಳು.

ಇಲ್ಲದಿರುವುದು ಆ ಪ್ರೇಕ್ಷಕ. ಎರಡಾಣೆ ಕೊಟ್ಟು ಚಾಪೆಯ ಮೇಲೆ ಕುಳಿತು, ಸ್ವರ ಸರಿಯಾಗಿ ಹತ್ತಿದರೆ ‘ಒನ್ಸ್ ಮೋರ್’ ಎಂದು ಕೂಗಿ, ತಪ್ಪಿದರೆ ಮುಲಾಜಿಲ್ಲದೆ ಎದ್ದುಹೋಗುತ್ತಿದ್ದ ನೇಕಾರ, ರೈತ, ಹತ್ತಿ ವ್ಯಾಪಾರಿ. ಒಳ್ಳೆಯ ಕಂಠ ಇಂದಿಗೂ ಈ ಸೀಮೆಯಲ್ಲಿ ಹುಟ್ಟೀತು. ಟಿವಿಯ ಸ್ಪರ್ಧೆಗಳಲ್ಲಿ ಗೆದ್ದೀತು. ಆದರೆ ಅಂಗಡಿಯ ಮುಂದೆ ನಿಂತು ಮೂರು ನಿಮಿಷದ ಝಿಂಝೋಟಿ ಕೇಳಿದ ಹುಡುಗನೊಬ್ಬನಿಗೆ ಅದು ಏನೆಂದು ತಿಳಿಸಲು ಕುರ್ತಕೋಟಿಯಲ್ಲಿ ಒಬ್ಬ ಚನ್ನಪ್ಪ, ಕುಂದಗೋಳದಲ್ಲಿ ಒಬ್ಬ ರಾಮಭಾವು, ಊರಿನ ಜಾತ್ರೆಯಲ್ಲಿ ಹಾಡಿಗಾಗಿ ಕಾಯುವ ಜನಸಾಗರ ಎಲ್ಲವೂ ಆಗ ಒಂದು ದಿನದ ಪ್ರಯಾಣದೊಳಗೆ ಇದ್ದವು. ಭೀಮಸೇನ ಜೋಶಿ ಆ ನೆಲದ ಬೆಳೆ. ಅವರ ಹೆಸರಿನ ಕಟ್ಟಡಗಳ ಜೊತೆಗೆ ಅಂತಹ ಕೇಳುಗರನ್ನೂ ಬೆಳೆಸುವ ಕೆಲಸ ಶಾಲೆಗಳಲ್ಲಿ, ಜಾತ್ರೆಗಳಲ್ಲಿ, ಆಶ್ರಮಗಳಲ್ಲಿ ನಡೆದರೆ ಗದುಗಿನ ಮಾಸ್ತರರ ಮನೆಯಿಂದ ಇನ್ನೊಬ್ಬ ಹುಡುಗ ಹೊರಡಬಹುದು. ಅವನು ಜಾಲಂಧರದವರೆಗೆ ಅಲೆಯಬೇಕಾಗದಿರಲಿ.